ಕನಕಪ್ಪನ ಪೆಟ್ಟಿಗೆಯ ಮೋಡಗಳು

ಬೆಳಗಿನ ಆರು ಇನ್ನೂ ಆಗಿಲ್ಲ. ಯರಗುಪ್ಪಿಯ ಕೇರಿಯ ಕೊನೆಯ ಮನೆ. ಬೇಲಿಗೆ ಸೈಕಲ್ ಒರಗಿಸಿ, ಅಂಗಳದ ತುದಿಯಲ್ಲಿರುವ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕನಕಪ್ಪ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಕಲ್ಲಿನ ಮೇಲೆ ಹಳೆಯ ಧೋತರದ ತುಂಡು, ಅದರ ಮೇಲೆ ಅಂಗೈಯಗಲದ ಮೂರು ಗಾಜು. ಒಂದು ತೆಳು ಬೂದಿ ಬಣ್ಣದ್ದು, ಇನ್ನೊಂದು ಅದಕ್ಕಿಂತ ಕಪ್ಪು, ಮೂರನೆಯದು ಅಡಿಗೆಮನೆಯ ಮಾಡಿನಷ್ಟು ಕಪ್ಪು. ಒಂದೊಂದನ್ನೇ ಎತ್ತಿ ಬಾಯಿಯ ಹಬೆ ಊದಿ ಒರೆಸುತ್ತಾನೆ, ಮೂಡಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ಸಮಾಧಾನವಾಗದೆ ಮತ್ತೆ ಒರೆಸುತ್ತಾನೆ. ಎರೆ ಸೀಮೆಯ ಧೂಳು ಕರೆಯದೆ ಬರುವ ನೆಂಟ. ಗಾಜು ಕಂಡರಂತೂ ಕೂತಲ್ಲಿಂದ ಏಳುವುದಿಲ್ಲ.

"ಗಾಜಿನ ಮ್ಯಾಲ ಧೂಳು ಕುಂತ್ರ ಮಾರಿ ಮಸಕ ಬರತೈತ್ರಿ. ತೊಳೀಲಾರದ ಗಂಗಾಳದಾಗ ಊಟಕ್ಕ ನೀಡಿದಂಗ," ಎನ್ನುತ್ತಾನೆ ತಲೆಯೆತ್ತದೆ.

ಕನಕಪ್ಪ ಫೋಟೋ ತೆಗೆಯುವವನು. ವಯಸ್ಸು ನಲವತ್ತಾರು, ಊರು ಕುಂದಗೋಳ. ಸ್ಟುಡಿಯೋ ಇಲ್ಲ, ನವಿಲು ಕಾರಂಜಿ ಬರೆದ ಪರದೆ ಇಲ್ಲ, ಫ್ಲ್ಯಾಶ್ ದೀಪ ಇಲ್ಲ. ಊರೂರು ತಿರುಗಿ, ಜನ ಇದ್ದಲ್ಲಿಗೇ ಹೋಗಿ, ಬಯಲಲ್ಲಿ ನಿಲ್ಲಿಸಿ ಪಟ ತೆಗೆಯುತ್ತ ಹದಿನೇಳು ವರ್ಷ ಕಳೆದಿದ್ದಾನೆ. ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೀ ಕನಕಪ್ಪ ಎಂದು ಕೇಳಿದರೆ ಯಾವ ಕನಕಪ್ಪ ಎಂದು ತಿರುಗಿ ಕೇಳುತ್ತಾರೆ. 'ಮೋಡದ ಕನಕಪ್ಪ' ಎಂದು ಕೇಳಿ ನೋಡಿ, ಕಂಡಕ್ಟರೇ ಇಳಿದು ಬಂದು ದಾರಿ ತೋರಿಸುತ್ತಾನೆ.

ಇಂದಿನ ಕೆಲಸ ಒಂದೇ ಒಂದು ಪಟ. ಹದಿನೇಳು ವರ್ಷದಲ್ಲಿ ಇಷ್ಟು ಭಾರದ ಪಟ ತಾನು ತೆಗೆದಿಲ್ಲ ಎಂದು ಕನಕಪ್ಪನೇ ಒಪ್ಪಿಕೊಳ್ಳುತ್ತಾನೆ.

ಪಟ ಆಗಬೇಕಾದದ್ದು ದುಂಡವ್ವನದು. ಎಪ್ಪತ್ತೈದು ದಾಟಿದ ದುಂಡವ್ವ ಯರಗುಪ್ಪಿಯ ಸೂಲಗಿತ್ತಿ. ಐವತ್ತು ವರ್ಷದಿಂದ ಮೇಲಿನ ಓಣಿ, ಕೆಳಗಿನ ಕೇರಿ ಎನ್ನದೆ ಊರಿನ ಕೂಸುಗಳನ್ನು ಹಿಡಿದ ಕೈ ಅದು. ಊರಿನವರು ಪಂಚಾಯ್ತಿಯ ಹಿತ್ತಿಲಲ್ಲಿ ಹೊಸದಾಗಿ ಒಂದು ಹೆರಿಗೆ ಕೋಣೆ ಕಟ್ಟಿಸಿದ್ದಾರೆ, ಯುಗಾದಿಗೆ ಬಾಗಿಲು ತೆರೆಯುತ್ತದೆ. ಅದರೊಳಗೆ ದುಂಡವ್ವನ ಪಟ ಇರಲೇಬೇಕು ಎಂದು ಹಟ ಹಿಡಿದವಳು ಮಹಿಳಾ ಮಂಡಳದ ಮಹಾದೇವಕ್ಕ. ಊರಿನ ದೊಡ್ಡ ಜಮೀನುದಾರರ ಮನೆಯ ಹೆಣ್ಣುಮಗಳು. ಆಕೆಯೂ, ಆಕೆಯ ನಾಲ್ಕು ಮಕ್ಕಳೂ ದುಂಡವ್ವನ ಕೈಯಲ್ಲೇ ಭೂಮಿಗೆ ಬಂದವರು. ಕುಂದಗೋಳಕ್ಕೆ ಬಂದು ಕನಕಪ್ಪನಿಗೆ ಹೇಳಿಹೋದವಳೂ ಅವಳೇ.

ಆದರೆ ದುಂಡವ್ವ ಸುಲಭಕ್ಕೆ ಒಪ್ಪಿದವಳಲ್ಲ. ಅದಕ್ಕೆ ಕಾರಣವಿದೆ.

ಆರು ವರ್ಷದ ಹಿಂದೆ, ಮಳೆ ಕೈಕೊಟ್ಟ ವರ್ಷ, ಪಟ್ಟಣದಿಂದ ಜೀಪಿನಲ್ಲಿ ಯಾರೋ ಇಬ್ಬರು ಬಂದರು. ದುಂಡವ್ವ ಆಗಷ್ಟೇ ಅವಳಿ ಕೂಸುಗಳ ಹೆರಿಗೆ ಮುಗಿಸಿ, ಎರಡು ದಿನದ ನಿದ್ದೆಗೆಟ್ಟು, ತನ್ನ ಮನೆಯ ಬಿರುಕು ಬಿಟ್ಟ ಗೋಡೆಗೆ ಒರಗಿ ಕುಳಿತಿದ್ದಳು. ಹೇಳದೆ ಕೇಳದೆ ಪಟ ತೆಗೆದುಕೊಂಡು ಹೋದರು. ಮುಂದೆ ಪಟ್ಟಣದ ಒಂದು ಪ್ರದರ್ಶನದಲ್ಲಿ ಮಹಾದೇವಕ್ಕ ಅದನ್ನು ಕಂಡಳು. ಪಟದಲ್ಲಿ ದುಂಡವ್ವನಿಗಿಂತ ಬಿರುಕೇ ದೊಡ್ಡದಾಗಿತ್ತು. ಕೆಳಗೆ ಬರೆದಿದ್ದರು: 'ದಿಕ್ಕಿಲ್ಲದ ಮುದುಕಿ'. ಮಹಾದೇವಕ್ಕ ಊರಿಗೆ ಬಂದು ಖುಷಿಯಿಂದ ನಿನ್ನ ಪಟ ನೋಡಿದೆ ಎಂದುಬಿಟ್ಟಳು. ಕೆಳಗೇನು ಬರೆದಿದ್ದರು ಎಂದು ದುಂಡವ್ವ ಕೇಳಿದಾಗ ಸುಳ್ಳು ಹೇಳಲು ನಾಲಗೆ ಬರಲಿಲ್ಲ.

"ನಾ ದಿಕ್ಕಿಲ್ಲದಾಕಿ? ಅರ್ಧ ಊರಿಗೆ ಬೆಳಕು ತೋರಿಸಿದಾಕಿ ನಾ!" ದುಂಡವ್ವನಿಗೆ ಆ ಸಿಟ್ಟು ಇಂದಿಗೂ ಆರಿಲ್ಲ.

ಹಾಗಾಗಿ ಕನಕಪ್ಪನಿಗೆ ಆಕೆ ಹಾಕಿದ ಷರತ್ತು ಗಟ್ಟಿಯಾಗಿದೆ. "ನನ್ನ ಮಾರಿ ತಗಿ, ನನ್ನ ಗ್ವಾಡಿ ತಗೀಬ್ಯಾಡ." ಹಾಗಾದರೆ ನಮ್ಮ ಪಡಸಾಲೆಗೆ ಬಾ, ಸುಣ್ಣ ಬಳಿದ ಗೋಡೆಯಿದೆ ಎಂದು ಮಹಾದೇವಕ್ಕ ಕರೆದಳಂತೆ. "ನಿಮ್ಮ ಗ್ವಾಡಿ ಮುಂದ ನಾ ಯಾಕ ನಿಂದರ್ಲಿ? ನನ್ನ ಅಂಗಳದಾಗ ಕುಂಡ್ರತೀನಿ," ಎಂದಳಂತೆ ದುಂಡವ್ವ. ಆ ಮನೆಗೆ ಹೆರಿಗೆಗೆಂದು ಹಿತ್ತಿಲ ಬಾಗಿಲಿಂದ ಎಷ್ಟು ಸಲ ಹೋಗಿದ್ದಾಳೋ ಲೆಕ್ಕವಿಲ್ಲ, ಪಡಸಾಲೆಗೆ ಕರೆ ಬಂದದ್ದು ಇದೇ ಮೊದಲು. ಮಹಾದೇವಕ್ಕ ತಲೆ ತಗ್ಗಿಸಿದಳು ಎಂದು ಕನಕಪ್ಪ ಹೇಳುತ್ತಾನೆ. ಹಿಂದೆ ಒಂದು ಚಾದರ ಕಟ್ಟೋಣವೆಂದರೆ ಅದಕ್ಕೂ ದುಂಡವ್ವ ಇಲ್ಲ: "ಮುಚ್ಚಾಕ ನಾ ಏನ ಕಳವು ಮಾಡೀನೇನು?"

ಅಂದರೆ ಕನಕಪ್ಪ ಮಾಡಬೇಕಾದದ್ದು ಇಷ್ಟು. ಆಕೆಯದೇ ಅಂಗಳ, ಹಿಂದೆ ಆಕೆಯದೇ ಗೋಡೆ, ಆದರೆ ಪಟದಲ್ಲಿ ಗೋಡೆ ಕಾಣಬಾರದು.

ಇದು ಹೇಗೆ ಸಾಧ್ಯ ಎಂದು ಕೇಳಿದರೆ ಕನಕಪ್ಪ ಕ್ಯಾಮೆರಾದ ಮುಂದಿನ ಲೆನ್ಸು ತೋರಿಸುತ್ತಾನೆ. ಲೆನ್ಸಿನ ಕಣ್ಣನ್ನು ಕಿರಿದು ಮಾಡಿದರೆ ಹತ್ತಿರದ್ದು, ದೂರದ್ದು ಎಲ್ಲವೂ ಚೊಕ್ಕಟವಾಗಿ ಬರುತ್ತದೆ. ಪೂರ್ತಿ ತೆರೆದರೆ ಎದುರಿನ ಮುಖ ಮಾತ್ರ ಉಳಿದು ಹಿಂದಿನದೆಲ್ಲ ಬೆಣ್ಣೆಯಂತೆ ಕರಗುತ್ತದೆ. ಬಿರುಕು, ಗೂಟ, ಕುಳ್ಳು ಬಡಿದ ಗುರುತು ಎಲ್ಲ ಹೋಗುತ್ತದೆ. ಆದರೆ ಪೂರ್ತಿ ತೆರೆದ ಕಣ್ಣಿಗೆ ನಮ್ಮ ಸೀಮೆಯ ಬಿಸಿಲು ನುಗ್ಗಿದರೆ ಫಿಲ್ಮು ಸುಟ್ಟು ಪಟ ಸುಣ್ಣದ ಗೋಡೆಯಾಗುತ್ತದೆ. ಆ ಬಿಸಿಲನ್ನು ಬಾಗಿಲಲ್ಲೇ ತಡೆಯುವುದು ಈ ಕಪ್ಪು ಗಾಜುಗಳ ಕೆಲಸ. ಇವು ಬಣ್ಣ ಬದಲಿಸುವುದಿಲ್ಲ, ಮುಖ ತಿದ್ದುವುದಿಲ್ಲ, ಬೆಳಕನ್ನು ಮಾತ್ರ ಕಡಿಮೆ ಮಾಡುತ್ತವೆ.

"ಒಂದು ರೊಟ್ಟಿ ಅರ್ಧ ಮಾಡಿದ್ರ ಅದು ಒಂದ ಮೋಡ. ಆ ಅರ್ಧಾನ ಮತ್ತ ಅರ್ಧ ಮಾಡಿದ್ರ ಎರಡು ಮೋಡ. ಅದನ್ನೂ ಮುರದ್ರ ಮೂರು. ನನ್ನ ಕಡೆ ಒಂದರ ಗಾಜು, ಎರಡರ ಗಾಜು, ಮೂರರ ಗಾಜು ಅದಾವ್ರಿ. ಮೂರೂ ಕೂಡಿಸಿದ್ರ ಆರು. ಯಾವ ಹೊತ್ತಿಗೆ ಎಷ್ಟು ಹಾಕಬೇಕು ಅನ್ನೂದ ವಿದ್ಯಾ, ಉಳಿದದ್ದೆಲ್ಲ ಕ್ಯಾಮೆರಾನ ಮಾಡತೈತಿ."

ಇಂದು ಆತ ಕತ್ತಲಿರುವಾಗಲೇ ಒಂದೂವರೆ ತಾಸು ಸೈಕಲ್ ತುಳಿದು ಬಂದದ್ದು ಎಳೆ ಬಿಸಿಲು ನಂಬಿಕೊಂಡು. ಬೆಳಗಿನ ಬಿಸಿಲಿಗೆ ಮೂರು ಮೋಡ ಸಾಕು, ಒಂದೇ ಗಾಜು. ಕೆಲಸ ಸಲೀಸು.

ದುಂಡವ್ವ ಮುಖ ತೊಳೆದು ಹೊರಗೆ ಬರುತ್ತಾಳೆ. ಹಸಿರು ಇಳಕಲ್ ಸೀರೆ, ತಲೆ ತುಂಬ ಸೆರಗು, ಅದರ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಕೂದಲು. ಮುಖ ಎರೆಹೊಲದಷ್ಟೇ ಕಪ್ಪು.

"ಬಂದ್ಯಾ? ನಾಷ್ಟಾ ಮಾಡೀಯಿಲ್ಲೋ?"

"ಆಮ್ಯಾಲ ಮಾಡತೀನಿ ಆಯಿ. ಮೊದಲ ಪಟ ಆಗ್ಲಿ. ಎರಡು ಸಲ ತಗೀತೀನಿ, ಒಂದು ಹ್ವಾದ್ರ ಒಂದಿರಲಿ."

"ಎರಡು ಯಾಕ? ಹೊಕ್ಕಳ ಎರಡು ಸಲ ಕೊಯ್ಯತಾರೇನೋ? ನಿಂದೂ ಒಂದ ಸಲ ಕೊಯ್ದಿದ್ದೆ, ಈಗ ಕ್ವಾಣನಂಗ ಅಡ್ಯಾಡತಿ. ಒಂದ ಸಲ ತಗಿ."

ಮಾತು ಸುಳ್ಳಲ್ಲ. ಕನಕಪ್ಪನ ತಾಯಿ ಸಣ್ಣವ್ವನ ತವರು ಇದೇ ಯರಗುಪ್ಪಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಕನಕಪ್ಪನನ್ನು ಹಿಡಿದದ್ದು ದುಂಡವ್ವನೇ. ಹಾಗಾಗಿ ವಾದ ಮಾಡುವ ಹಕ್ಕು ಆತನಿಗಿಲ್ಲ. ಕಲ್ಲು ಒರೆಸಿ ಆಕೆಯನ್ನು ಕೂರಿಸಬೇಕು ಎನ್ನುವಷ್ಟರಲ್ಲಿ ಬೇಲಿಯಾಚೆಯಿಂದ ಫಕೀರವ್ವ ಎಂಬ ಹೆಂಗಸು ಏದುಸಿರು ಬಿಡುತ್ತ ಬರುತ್ತಾಳೆ. ಮಗಳಿಗೆ ಹೆರಿಗೆ ಬ್ಯಾನಿ ಸುರುವಾಗಿದೆ. ದುಂಡವ್ವ ಒಳಗಿನಿಂದ ತನ್ನ ಗಂಟು ಎತ್ತಿಕೊಂಡು ಹೊರಟೇಬಿಡುತ್ತಾಳೆ.

"ಆಯಿ, ಬಿಸಲು ಏರತೈತಿ..."

"ಬಿಸಲು ನಾಳೆನೂ ಬರತೈತಿ. ಕೂಸು ನಿಂದ್ರಂಗಿಲ್ಲ. ಕುಂಡ್ರು, ಬರತೀನಿ."

ಕನಕಪ್ಪ ಕುಳಿತುಕೊಳ್ಳುತ್ತಾನೆ. ಕಾಯುವುದು ಆತನಿಗೆ ಹೊಸದಲ್ಲ.

ಮೊದಲು ಆತ ಕುಂದಗೋಳ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಆಗ ಬಾಬಾಸಾಬ ಎಂಬ ಫೋಟೋಗ್ರಾಫರ್ ಮದುವೆಗಳಿಗೆ ಹೋಗುವಾಗ ಆತನ ಪೆಟ್ಟಿಗೆ ಹೊರಲು ಕನಕಪ್ಪನೇ ಬೇಕು. ಯಾಕೆಂದರೆ ಪೆಟ್ಟಿಗೆಯನ್ನು ಕುಲುಕದೆ ಹೊರುವವನು ಅವನೊಬ್ಬನೇ. ಆರು ವರ್ಷ ಹೊತ್ತ, ಹೊರುತ್ತ ನೋಡಿದ, ನೋಡುತ್ತ ಕಲಿತ. ಕಣ್ಣಿಗೆ ಪೊರೆ ಬಂದು ಬಾಬಾಸಾಬ ಅಂಗಡಿ ಮುಚ್ಚಿದ ದಿನ ಒಂದು ಮಡಿಚುವ ಕ್ಯಾಮೆರಾ ಕೈಗಿಟ್ಟು, "ಇದರ ಶಟರ್ ಸತ್ತೈತಿ, ಬೇಕಾದ್ರ ತಗೋ," ಎಂದನಂತೆ. ಪೂರ್ತಿ ಸತ್ತಿರಲಿಲ್ಲ. ಜೋರಾಗಿ ಓಡುವ ವೇಗಗಳೆಲ್ಲ ಕೆಟ್ಟು, ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದ ಒಂದೇ ಒಂದು ನಿಧಾನ ವೇಗ ಉಳಿದಿತ್ತು. ಆನೆ ಬಾಗಿಲು ತೆರೆದು ಮುಚ್ಚಿದ ಹಾಗೆ. ಅಷ್ಟರಲ್ಲಿ ನಡು ಮಧ್ಯಾಹ್ನದ ಬಿಸಿಲು ಒಳಗೆ ಬಂದು ಉಂಡು ಹೋಗುತ್ತಿತ್ತು. ಮೊದಲ ಎರಡು ರೀಲು ಬರೀ ಸುಣ್ಣ.

ಹುಬ್ಬಳ್ಳಿಗೆ ಹೋಗಿ ರಿಪೇರಿ ಮಾಡಿಸುವ ಬದಲು ಕನಕಪ್ಪ ಮಾಡಿದ ಕೆಲಸ ಕೇಳಿದರೆ ನಗಬೇಕೋ ಹೊಗಳಬೇಕೋ ತಿಳಿಯುವುದಿಲ್ಲ. ಸಂತೆಯಲ್ಲಿ ಕರಿ ಚಷ್ಮಾ ಕೊಂಡು, ಒಂದು ಗಾಜು ಕಿತ್ತು, ಲೆನ್ಸಿಗೆ ಅಂಟಿಸಿದ. ಬಿಸಿಲೇನೋ ತಗ್ಗಿತು, ಆದರೆ ಚಷ್ಮಾದ ಗಾಜು ಬಾಗಿದ್ದು. ಬಮ್ಮಿಗಟ್ಟಿಯ ಬೀರಲಿಂಗಪ್ಪನೆಂಬ ಮದುಮಗನ ಮುಖ ಸವತೆಕಾಯಿಯಂತೆ ಉದ್ದವಾಗಿ ಬಂತು. ಇಂದಿಗೂ ಆ ಮನುಷ್ಯ ಕನಕಪ್ಪನನ್ನು ಕಂಡರೆ ಗಲ್ಲ ಮುಟ್ಟಿ ನೋಡಿಕೊಳ್ಳುತ್ತಾನಂತೆ. ಆಮೇಲೆ ಕಿಟಕಿಯ ಗಾಜಿಗೆ ಚಿಮಣಿಯ ಮಸಿ ಹಿಡಿಸಿದ. ಪಟ ಚೆನ್ನಾಗಿಯೇ ಬಂತು. ಆದರೆ ಮಸಿ ಹಿಡಿದ ಗಾಜನ್ನು ನಮ್ಮ ಜನ ಉಪಯೋಗಿಸುವುದು ಒಂದಕ್ಕೇ, ಗ್ರಹಣ ನೋಡಲು. ಬಸುರಿಯರು ಇದ್ದ ಮನೆಯವರು ಕ್ಯಾಮೆರಾ ಕಂಡು ಬಾಗಿಲು ಹಾಕಿಕೊಂಡರು. ಒಬ್ಬ ಅತ್ತೆ ಕಸಬರಿಗೆಯನ್ನೇ ಎತ್ತಿದಳು. "ಗ್ರಹಣದ ಗಾಜಿನ್ಯಾಗ ನನ್ನ ಸೊಸೀನ ನೋಡತಿಯೇನು?"

ಆ ದಿನವೇ ಕನಕಪ್ಪ ಎರಡು ತೀರ್ಮಾನ ಮಾಡಿದ. ಒಂದು, ಮಸಿ ಬೇಡ. ಬಾಬಾಸಾಬನ ಅಂಗಡಿಯಲ್ಲಿ ಉಳಿದಿದ್ದ ಫಿಲ್ಮಿನಂತೆ ಬೆಳಕಿಗೆ ಕಪ್ಪಾಗುವ, ಅವಧಿ ಮುಗಿದ ಫೋಟೋ ಗಾಜುಗಳನ್ನು ತಂದು, ಕತ್ತಲ ಕೋಣೆಯಲ್ಲಿ ದೀಪದ ಬೆಳಕನ್ನು ಒಂದು ಗಳಿಗೆ ತೋರಿಸಿ, ಔಷಧದಲ್ಲಿ ತೊಳೆದ. ಗಾಜಿಡೀ ಒಂದೇ ಸಮ ಬೂದಿ ಬಣ್ಣಕ್ಕೆ ತಿರುಗಿತು. ಬೆಳಕು ಹೆಚ್ಚು ತೋರಿಸಿದಷ್ಟೂ ಗಾಜು ಹೆಚ್ಚು ಕಪ್ಪು. ಹನ್ನೆರಡು ಗಾಜು ಕೆಡಿಸಿ ಮೂರನ್ನು ಉಳಿಸಿಕೊಂಡ. ಅವುಗಳ ಅಳತೆ ತಿಳಿಯಲು ಇಡೀ ಒಂದು ರೀಲನ್ನು ಮನೆಯ ಗೋಡೆಯ ಮೇಲೇ ಖರ್ಚು ಮಾಡಿದ. ಎರಡನೆಯ ತೀರ್ಮಾನ, ಹೆಸರು ಬದಲಿಸಬೇಕು.

"ಎರಿ ಸೀಮ್ಯಾಗ ಮೋಡ ಅಂದ್ರ ಯಾರು ಬ್ಯಾಡಂತಾರ್ರೀ? 'ಯವ್ವಾ, ನಿಮ್ಮ ಮಾರಿ ಮ್ಯಾಲ ಒಂದು ಮೋಡ ಹಿಡೀತೀನಿ' ಅಂದೆ. ಕಸಬರಗಿ ಎತ್ತಿದಾಕಿನ ಚಾ ಕೊಟ್ಲು."

ಎಷ್ಟೋ ವರ್ಷದ ನಂತರ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಪರದೇಶದ ಮಖಮಲ್ಲಿನ ಡಬ್ಬಿಯಲ್ಲಿ ಇಂಥದೇ ಗಾಜು ಕಂಡನಂತೆ. ಇದಕ್ಕೆ ಎನ್.ಡಿ. ಫಿಲ್ಟರ್ ಅನ್ನುತ್ತಾರೆ ಎಂದ ಅಂಗಡಿಯವ. "ನಮ್ಮ ಮನ್ಯಾಗ ಇದಕ್ಕ ಮೋಡ ಅಂತಾರ್ರೀ," ಎಂದು ಹೇಳಿ ಬಂದೆ ಎನ್ನುವಾಗ ಕನಕಪ್ಪನ ಮೀಸೆ ಸ್ವಲ್ಪ ಮೇಲೇರುತ್ತದೆ.

ಬೆಳಕು ಅಳೆಯುವ ಮೀಟರು ಆತನಲ್ಲಿಲ್ಲ. ತನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆಯುತ್ತಾನೆ. ನೆರಳು ಉದ್ದ ಇದ್ದರೆ ಎರಡೋ ಮೂರೋ ಮೋಡ, ಕಾಲಡಿ ಸೇರಿದರೆ ಆರು. ಸುಣ್ಣದ ಗೋಡೆ ಪಕ್ಕದಲ್ಲಿದ್ದರೆ ಬೆಳಕು ಹೆಚ್ಚು, ಎರೆಹೊಲದಲ್ಲಿ ನಿಂತರೆ ನೆಲವೇ ಬೆಳಕು ಕುಡಿಯುತ್ತದೆ. ಬಮ್ಮಿಗಟ್ಟಿಯ ಕಡೆ ಗಿಡಮರದ ನೆರಳು, ಅಲ್ಲಿ ಎರಡು ಮೋಡ ಕಡಿಮೆ. ಇಪ್ಪತ್ತಮೂರು ಹಳ್ಳಿಯ ಬಿಸಿಲು ಆತನಿಗೆ ಬಾಯಿಪಾಠ. ದಿನಕ್ಕೆ ಒಂದು ರೀಲು, ರೀಲಿಗೆ ಎಂಟು ಪಟ, ಎಂಟರಲ್ಲಿ ಏಳಾದರೂ ಸರಿ ಬರಬೇಕು ಎಂಬುದು ತನಗೆ ತಾನೇ ಹಾಕಿಕೊಂಡ ನೇಮ. ಮನೆಯಲ್ಲಿ ಹೆಂಡತಿ ಸಾವಕ್ಕ ಕಾಳಿನ ಕೋಣೆಯ ಸಂದಿಗಳಿಗೆ ಕೌದಿ ತುರುಕಿ ಕತ್ತಲು ಮಾಡಿ ಫಿಲ್ಮು ತೊಳೆಯುತ್ತಾಳೆ. ಗಡಿಯಾರ ಕಾಣದ ಆ ಕತ್ತಲಲ್ಲಿ ಬೀಸುವ ಪದ ಒಂದನ್ನು ಮೂರು ಸಲ ಹಾಡಿದರೆ ಔಷಧದ ಹೊತ್ತು ಮುಗಿಯಿತು ಎಂದು ಆಕೆಯ ಲೆಕ್ಕ. "ಅಕಿ ಧಾಟಿ ಎಳದ್ರ ಫಿಲ್ಮು ಕರ್ರಗ," ಎಂದು ಕನಕಪ್ಪ ನಗುತ್ತಾನೆ.

ನಗು ಬೇಗ ನಿಲ್ಲುತ್ತದೆ. ಕ್ಯಾಮೆರಾ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಸಣ್ಣ ಪಟ ಸಿಕ್ಕಿಸಿದ್ದಾನೆ. ಒಂದು ಹೆಂಗಸು, ಸೆರಗು, ಕಿವಿಯಲ್ಲಿ ಬೆಂಡೋಲಿ. ಮುಖವಿರಬೇಕಾದಲ್ಲಿ ಬರೀ ಇದ್ದಿಲು.

"ನಮ್ಮವ್ವ. ಮೊದಲನೇ ವರ್ಷ ತಗದದ್ದು. ಬಿಸಲು ನೋಡಿ ಮೋಡ ಹಾಕಿದೆ, ಅವ್ವನ ಮಾರಿ ನೋಡಲಿಲ್ಲ. ನಮ್ಮಂಥಾ ಕರೇ ಮಾರಿ ಬೆಳಕು ಹೆಚ್ಚು ಬೇಡತೈತ್ರಿ. ಅದು ನನಗಾಗ ಗೊತ್ತಿದ್ದಿಲ್ಲ. ಅವ್ವ ನೋಡಿ, 'ಇದು ನನ್ನ ನೆರಳೇನೋ?' ಅಂದ್ಲು. ಇನ್ನೊಮ್ಮಿ ತಗೀತೀನಿ ಅಂದಿದ್ದೆ. ಆ ಮಳೆಗಾಲದಾಗ ಹೋಗಿಬಿಟ್ಲು."

ಅಂದಿನಿಂದ ಆತನ ನೇಮ: ಮುಖ ಕಪ್ಪಗಿದ್ದರೆ ಒಂದು ಮೋಡ ಕಡಿಮೆ. ಸ್ಟುಡಿಯೋಗಳಲ್ಲಿ ಪೌಡರು ಬಳಿಯುತ್ತಾರೆ. ಕನಕಪ್ಪ ಹದಿನೇಳು ವರ್ಷದಲ್ಲಿ ಯಾರ ಮುಖಕ್ಕೂ ಪೌಡರು ಬಳಿದಿಲ್ಲ.

ದುಂಡವ್ವ ಮರಳುವುದು ಹನ್ನೊಂದೂವರೆಗೆ. ಜೊತೆಗೆ ಮಹಾದೇವಕ್ಕನೂ ಇದ್ದಾಳೆ. ಅಂಗಳದ ತುಂಬ ಬಿಸಿಲು ಕುದಿಯುತ್ತಿದೆ. ಕನಕಪ್ಪನ ನೆರಳು ಎರಡು ಹೆಜ್ಜೆಗೆ ಇಳಿದಿದೆ. ಹೆಣ್ಣು ಕೂಸಂತೆ, ತಾಯಿ ಮಗಳು ಗಟ್ಟಿಯಾಗಿದ್ದಾರಂತೆ.

"ಆಯಿ, ಸಂಜೀತನ ನಿಂದ್ರೂಣೇನು? ಬಿಸಲು ಭಾಳ ಐತಿ."

"ಸಂಜೀಗೆ ಮತ್ತೊಬ್ಬಾಕಿ ಅದಾಳ, ಇಂದೋ ನಾಳೆನೋ ಅನ್ನೂ ಹಂಗದಾಳ. ಈಗಂದ್ರ ಈಗ," ಎಂದು ದುಂಡವ್ವ ಕಾಲು ತೊಳೆದು ಬಂದು ಅಂಗಳದ ತುದಿಯ ಕಲ್ಲಿನ ಮೇಲೆ ಕುಳಿತೇಬಿಡುತ್ತಾಳೆ. ಹಿಂದೆ ಹದಿನೈದು ಅಡಿ ದೂರದಲ್ಲಿ ಗೋಡೆ. ಬಿರುಕು ಮಾಡಿನಿಂದ ನೆಲದವರೆಗೆ ಇಳಿದಿದೆ.

ಕನಕಪ್ಪ ಜೋಳ ಒಣಹಾಕುವ ಬಿಳಿ ಧೋತರವನ್ನು ಆಕೆಯ ಕಾಲ ಮುಂದೆ ಹಾಸುತ್ತಾನೆ. ನೆತ್ತಿಯ ಬಿಸಿಲು ಅದಕ್ಕೆ ತಾಗಿ ಚಿಮ್ಮಿ ಕಣ್ಣಿನ ಗುಳಿಯ ಕತ್ತಲನ್ನು ಸ್ವಲ್ಪ ತೊಳೆಯುತ್ತದೆ. ಕ್ಯಾಮೆರಾ ನಿಲ್ಲಿಸಿ ಗಂಟು ಹಾಕಿದ ಒಂದು ದಾರ ತೆಗೆಯುತ್ತಾನೆ. ಲೆನ್ಸಿನ ಕಣ್ಣು ಪೂರ್ತಿ ತೆರೆದಾಗ ನಾಲ್ಕು ಬೆರಳು ಆಚೀಚೆಯಾದರೂ ಮುಖ ಮಸುಕು, ಅದಕ್ಕೇ ದಾರದ ಅಳತೆ. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ತುದಿ ದುಂಡವ್ವನ ಕಣ್ಣಿನ ಹತ್ತಿರ. ಹಿಡಿಯಲು ಮಹಾದೇವಕ್ಕನನ್ನು ಬಿಟ್ಟರೆ ಯಾರೂ ಇಲ್ಲ.

"ಅಕ್ಕಾರ, ಸ್ವಲ್ಪ ಹಿಡೀರಿ. ಮೂಗಿಗಲ್ಲ, ಕಣ್ಣಿನ ಬಾಜುಕ."

ಮಹಾದೇವಕ್ಕ ಸೆರಗು ಸಿಕ್ಕಿಸಿಕೊಂಡು ಬರುತ್ತಾಳೆ. ದಾರ ಹಿಡಿದ ಬೆರಳು ದುಂಡವ್ವನ ಹಣೆಗೆ ತಾಗುತ್ತದೆ. ಐವತ್ತು ವರ್ಷ ಮುಟ್ಟಿದವಳು ದುಂಡವ್ವ, ಮುಟ್ಟಿಸಿಕೊಂಡವರು ಊರವರು. ಇಂದು ಅದು ಉಲ್ಟಾ ಆಗಿದೆ.

ಮೂರನೇ ಗಂಟಿಗೆ ಅಳತೆ ಸರಿಹೋಗುತ್ತದೆ. ಲೆನ್ಸಿನ ಮುಂದಿನ ತಗಡಿನ ಚೌಕಟ್ಟಿನ ಮೂರು ಸೀಳುಗಳಲ್ಲಿ ಕನಕಪ್ಪ ಮೂರೂ ಗಾಜು ಇಳಿಸುತ್ತಾನೆ. ಮೂರು, ಎರಡು, ಒಂದು: ಒಟ್ಟು ಆರು ಮೋಡ. ಬಿಸಿಲು ಕೇಳುವುದು ಅದನ್ನೇ. ನೇಮದ ಪ್ರಕಾರ ಒಂದು ತೆಗೆಯಬೇಕು. ಆದರೆ ಇಂದು ಆತನ ಕೈ ಅನುಮಾನಿಸುತ್ತದೆ. ಒಂದು ತೆಗೆದರೆ ಸೆರಗಿನ ಅಂಚಿನ ಬೆಳ್ಳಿ ಕೂದಲು ಬಿಸಿಲಿಗೆ ಸುಟ್ಟು ಸುಣ್ಣವಾಗಬಹುದು. ತೆಗೆಯದಿದ್ದರೆ ಕೂದಲು ಉಳಿಯುತ್ತದೆ, ಮುಖ ಇದ್ದಿಲಾಗುತ್ತದೆ. ಬೇರೆ ದಿನವಾದರೆ ಹಾಗೊಂದು ಹೀಗೊಂದು ತೆಗೆದು ನಿಶ್ಚಿಂತನಾಗುತ್ತಿದ್ದ. ಇಂದು ಒಂದೇ ಸಲ.

"ಆಯಿ, ಉಸರು ಹಿಡಿ. ಅಳ್ಳಾಡಬ್ಯಾಡ."

ದುಂಡವ್ವನಿಗೆ ನಗು ತಡೆಯುವುದಿಲ್ಲ. "ಲೇ, ಉಸರು ಹಿಡಿ, ಉಸರು ಬಿಡು ಅಂತ ಊರಿಗೆಲ್ಲ ಹೇಳಾಕಿ ನಾ. ನನಗ ಹೇಳ್ತಿಯಾ?"

ನಕ್ಕ ಮುಖ ಮೆಲ್ಲಗೆ ಸಮಾಧಾನಕ್ಕೆ ಬರುತ್ತದೆ. ಕಣ್ಣಲ್ಲಿ ಮಾತ್ರ ನಗು ಉಳಿದಿದೆ, ಬೆಳಗಿನ ಕೂಸಿನ ಖುಷಿಯೂ ಇದೆ. ಕನಕಪ್ಪ ಬಟನ್ನಿನ ಮೇಲಿಟ್ಟ ಬೆರಳನ್ನು ಎತ್ತುತ್ತಾನೆ. ಮುಚ್ಚಳದ ಒಳಗಿನ ಪಟದ ಕಡೆ ಒಮ್ಮೆ ನೋಡುತ್ತಾನೆ. ಚೌಕಟ್ಟಿನಿಂದ ಒಂದರ ಗಾಜನ್ನು ಸರಕ್ಕನೆ ಮೇಲೆಳೆದು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ. ಐದು ಮೋಡ. ಶಟರ್ ತನ್ನ ಹಳೆಯ ನಿಧಾನದಲ್ಲಿ ಟಕ್ ಎನ್ನುತ್ತದೆ.

"ಮುಗೀತೇನು?"

"ಮುಗೀತು ಆಯಿ."

"ಕೂಸು ಅಳಲೇ ಇಲ್ಲಲ್ಲೋ," ಎಂದು ಆಕೆ ಏಳುತ್ತಾಳೆ. ಕನಕಪ್ಪ ಗಾಜುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಾನೆ.

ಹತ್ತು ದಿನದ ನಂತರ ಅದೇ ಅಂಗಳ. ಹುಬ್ಬಳ್ಳಿಯಲ್ಲಿ ದೊಡ್ಡದು ಮಾಡಿಸಿದ ಪಟ ಕಂದು ಕಾಗದದಲ್ಲಿದೆ. ಮಹಾದೇವಕ್ಕ ಕಟ್ಟು ಹಾಕಿಸಲು ಕಾದಿದ್ದಾಳೆ. ದುಂಡವ್ವ ಕೈ ತೊಳೆದು, ಸೆರಗಿಗೆ ಒರೆಸಿ, ಪಟವನ್ನು ತೋಳು ಚಾಚಿ ದೂರಕ್ಕೆ ಹಿಡಿಯುತ್ತಾಳೆ.

ಮುಖದ ಒಂದೊಂದು ಗೆರೆಯೂ ಬಂದಿದೆ. ಮುಖ ಕಪ್ಪೇ, ಆದರೆ ನೀರು ಕುಡಿದ ಎರೆಯ ಹಾಗೆ ಹೊಳೆಯುವ ಕಪ್ಪು. ಕೂದಲ ಅಂಚು ತುಸು ಹೆಚ್ಚೇ ಬೆಳ್ಳಗಾಗಿದೆ, ಅದರಿಂದ ಸೊಬಗೇ ಹೆಚ್ಚಿದೆ. ಕಣ್ಣಲ್ಲಿ ಆ ನಗು ಹಾಗೇ ಇದೆ. ಹಿಂದೆ ಬೂದಿ ಬಣ್ಣದ ಒಂದು ಮೆತ್ತನೆಯ ಮುಗಿಲು, ಅಷ್ಟೇ.

"ಗ್ವಾಡಿ ಎಲ್ಲಿ ಹೋತೋ?"

"ಅಲ್ಲೇ ಐತಿ ಆಯಿ. ನಿನ್ನ ನೋಡಿ ಹಿಂದ ಸರದೈತಿ."

ದುಂಡವ್ವ ತಿರುಗಿ ಗೋಡೆಯನ್ನು ನೋಡುತ್ತಾಳೆ, ಪಟವನ್ನು ನೋಡುತ್ತಾಳೆ, ಮತ್ತೆ ಗೋಡೆಯನ್ನು ನೋಡುತ್ತಾಳೆ. ಮಹಾದೇವಕ್ಕ ಕೇಳುತ್ತಾಳೆ: "ಯುಗಾದಿಗೆ ಹಾಕೂಣಲ್ಲ?"

"ಹಾಕ್ರಿ. ಖರೆ ಇನ್ನೊಂದು ನನಗ ಬೇಕು."

ತೆಗೆದ ಪ್ರತಿ ಮುಖದ ಒಂದು ಪ್ರತಿಯನ್ನು ತನಗಾಗಿ ಇಟ್ಟುಕೊಳ್ಳುವುದು ಕನಕಪ್ಪನ ರೂಢಿ. ದುಂಡವ್ವನದನ್ನು ಕಟ್ಟು ಹಾಕಿಸಿಯೇ ತಂದಿದ್ದಾನೆ, ಪೆಟ್ಟಿಗೆಯಲ್ಲಿದೆ. ಅದನ್ನು ಕೊಡಲು ಮುಚ್ಚಳ ತೆರೆದಾಗ ದುಂಡವ್ವನ ಕಣ್ಣು ಇದ್ದಿಲಾದ ಆ ಸಣ್ಣ ಪಟದ ಮೇಲೆ ಬೀಳುತ್ತದೆ.

"ಸಣ್ಣವ್ವ ಅಲ್ಲೇನೋ ಇಕಿ?"

ಕನಕಪ್ಪ ಪಟವನ್ನು ಮುಚ್ಚಳದಿಂದ ಬಿಡಿಸಿ ಆಕೆಯ ಕೈಗಿಡುತ್ತಾನೆ. "ಮಾರೀನ ಬಂದಿಲ್ಲ ಆಯಿ. ನನ್ನ ತಪ್ಪು, ಆಗ ಗೊತ್ತಿದ್ದಿಲ್ಲ. ಹೆಂಗ ಗುರ್ತ ಹಿಡದಿ?"

"ಬೆಂಡೋಲಿ ನೋಡಿದೆ. ಹೆಗಲು ನೋಡಿದೆ. ನಿನ್ನ ಹಡಿಯೂ ಮುಂದ ಇದ ಹೆಗಲು ಹಿಡದ ಕುಂತಿದ್ದೆ ನಾ." ಪಟವನ್ನು ಹೆಬ್ಬೆರಳಿನಲ್ಲಿ ಸವರುತ್ತಾಳೆ. "ಆಗ ಗೊತ್ತಿದ್ದಿಲ್ಲ, ಈಗ ಗೊತ್ತಾತಲ್ಲ. ಸಾಕು."

ಕನಕಪ್ಪ ಕಣ್ಣೊರೆಸಿಕೊಳ್ಳುತ್ತಾನೆ, ಧೂಳಿನ ಮೇಲೆ ಅಪವಾದ ಹೊರಿಸುವುದಿಲ್ಲ.

ದುಂಡವ್ವ ತನ್ನ ಪಟ ಹಿಡಿದು ಗೋಡೆಯ ಹತ್ತಿರ ಹೋಗಿ, ಹೊರಗಡೆ, ಚಪ್ಪರದ ಕೆಳಗೆ, ಬಿರುಕಿನ ನಟ್ಟನಡುವೆ ಬೆರಳಿಡುತ್ತಾಳೆ. "ಇಲ್ಲಿ ಮೊಳಿ ಹೊಡಿ."

ಮೊದಲ ಮೊಳೆಗೆ ಮಣ್ಣು ಉದುರುತ್ತದೆ. ಎರಡನೆಯದೂ ನಿಲ್ಲುವುದಿಲ್ಲ. ಕನಕಪ್ಪ ಬಿರುಕಿಗೆ ಜಾಲಿಯ ತುಂಡೊಂದನ್ನು ಕಲ್ಲಿನಿಂದ ಬಡಿದು ಬಿಗಿಮಾಡಿ, ಅದಕ್ಕೆ ಮೊಳೆ ಹೊಡೆಯುತ್ತಾನೆ. ನಿಲ್ಲುತ್ತದೆ. ಬೇಲಿಯ ಆಚೆ ಕೇರಿಯ ಹೆಂಗಸರು ನೆರೆದಿದ್ದಾರೆ. ನಿಮಗೇನು ಬೇಕು ಕನಕಪ್ಪ, ಹೊಸ ಕ್ಯಾಮೆರಾನೋ ಎಂದು ನಾನು ಕೇಳಿದರೆ ಆತ ಗಾಬರಿಯಾಗುತ್ತಾನೆ. "ಬ್ಯಾಡ್ರಿ. ಈ ಶಟರ್ ಇನ್ನೊಂದು ಹತ್ತು ವರ್ಷ ಹಿಂಗ ಕೆಟ್ಟಿದ್ರ ಸಾಕು."

ದುಂಡವ್ವ ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾಳೆ. ಬಿರುಕು ಪಟದ ಮೇಲೊಂದಿಷ್ಟು, ಕೆಳಗೊಂದಿಷ್ಟು ಕಾಣುತ್ತದೆ. ನಡುವೆ ಆಕೆ ಇದ್ದಾಳೆ.

"ಈಗ ಯಾರು ಬಂದು ಗ್ವಾಡಿ ಪಟ ತಕ್ಕೊಂಡು ಹೋಗ್ತಾರ ಹೋಗ್ಲಿ."

ಕನಕಪ್ಪ ಪೆಟ್ಟಿಗೆಯನ್ನು ಕುಲುಕದೆ ಎತ್ತಿ ಸೈಕಲ್ಲಿಗೆ ಕಟ್ಟುತ್ತಾನೆ. "ಬ್ಯಾರೆಯವ್ರು ಯಾಕ ಆಯಿ? ನಾನ ಬರತೀನಿ," ಎನ್ನುತ್ತಾನೆ. "ಗ್ವಾಡ್ಯಾಗ ಈಗ ನೀನೂ ಅದೀಯಲ್ಲ, ಐದ ಮೋಡ ಹಾಕಿ ತಗೀತೀನಿ."